ಒಂದು ಗೂಟ, ನಾಲ್ಕು ವರ್ಷ

ನಮ್ಮ ಮನೆಯ ಹಿಂಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮರದ ಗೂಟ ಇದೆ. ಮಗಳು ತನ್ನ ಚೀಲ ನೇತುಹಾಕುತ್ತಿದ್ದುದು ಅದಕ್ಕೇ. ನಾಲ್ಕು ವರ್ಷ ನಾನು ಅದನ್ನೇ ಚಿತ್ರಿಸಿದೆ. ದಿನಾ ಅಲ್ಲ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು 40 ನಿಮಿಷ ಸಿಕ್ಕ ದಿನಗಳಲ್ಲಿ ಮಾತ್ರ.

ಅದಕ್ಕೂ ಮುಂಚೆ ದೊಡ್ಡ ಕ್ಯಾನ್ವಾಸುಗಳನ್ನೇ ಹಿಡಿಯುತ್ತಿದ್ದೆ. ಉದ್ಯೋಗಕ್ಕೆ ಸೇರಿದ ಮೇಲೆ ಒಂದೊಂದೂ ಅರ್ಧಕ್ಕೆ ನಿಂತಿತು. ವಾರ ಬಿಟ್ಟು ಎದುರು ನಿಂತರೆ ಎಲ್ಲಿ ಬಿಟ್ಟಿದ್ದೆ ಅನ್ನುವುದೇ ಮರೆತಿರುತ್ತಿತ್ತು. ಆ ದಿನಗಳಲ್ಲಿ ಪೀಟರ್ ಡ್ರೇಹರ್ ಬಗ್ಗೆ ಓದಿದೆ. ಕಲಾಶಾಲೆಯಲ್ಲಿ ಪಾಠ ಹೇಳುತ್ತಲೇ ಈ ಜರ್ಮನ್ ಕಲಾವಿದ 1974ರಿಂದ ಒಂದೇ ಖಾಲಿ ಗಾಜಿನ ಲೋಟವನ್ನು ಮತ್ತೆ ಮತ್ತೆ ಚಿತ್ರಿಸಿದರು. ಆ ಚಿತ್ರಗಳ ಸಂಖ್ಯೆ 5,000 ದಾಟಿತು. ಏನು ಬಿಡಿಸಲಿ ಎಂಬ ಪ್ರಶ್ನೆ ಒಮ್ಮೆ ಮುಗಿದುಬಿಟ್ಟರೆ ಕೈಗೆ ಎಷ್ಟು ಬಿಡುವು ಸಿಗುತ್ತದೆ ಅನ್ನುವುದು ಆಗ ಹೊಳೆಯಿತು.

ಸಾಮಗ್ರಿ ಕಡಿಮೆ ಮಾಡಿಕೊಂಡೆ. ಅಂಗೈ ಅಗಲದ ದಪ್ಪ ಕಾಗದಕ್ಕೆ ಎರಡು ಸಲ ಜೆಸೊ ಎಂಬ ಬಿಳಿ ತಳಲೇಪ, ಒಣಗಿದ ಮೇಲೆ ತೆಳುವಾಗಿ ಬೂದು. ಬಣ್ಣ ನಾಲ್ಕೇ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕೆಂಗಂದಿನ ಬರ್ನ್ಟ್ ಸಿಯೆನ್ನಾ, ನೀಲಿಯ ಅಲ್ಟ್ರಾಮರೀನ್. ಕೊನೆಯ ಎರಡನ್ನು ಬೆರೆಸಿದರೆ ಬೆಚ್ಚಗಿನಿಂದ ತಣ್ಣಗಿನವರೆಗೆ ಎಷ್ಟೋ ಬಗೆಯ ಬೂದು ಹುಟ್ಟುತ್ತದೆ, ಗೋಡೆಗೆ ಬೇಕಾದದ್ದು ಅದೇ. ಹಿಂದಿನ ದಿನದ ಚಿತ್ರವನ್ನು ನೋಡಬಾರದೆಂಬ ನಿಯಮವನ್ನೂ ಹಾಕಿಕೊಂಡೆ. ನೋಡಿದರೆ ಕೈ ಗೋಡೆಯನ್ನು ಬಿಟ್ಟು ಆ ಚಿತ್ರವನ್ನೇ ನಕಲು ಮಾಡತೊಡಗುತ್ತದೆ. ಹಾಗಾಗಿ ಹಿಂಬದಿಗೆ ತಾರೀಕು ಬರೆದು, ಒಣಗುವ ಗೂಡಿಗೆ ಬೆನ್ನು ಮೇಲಾಗಿ ಸೇರಿಸಿ, ಆಮೇಲೆ ಪೆಟ್ಟಿಗೆಗೆ ಹಾಕಿಡುತ್ತಿದ್ದೆ.

ಮೊದಲ ವರ್ಷ ಇನ್ನೊಂದು ನಿಯಮವೂ ಇತ್ತು, ಜಪಾನ್ ಮೂಲದ ಕಲಾವಿದ ಆನ್ ಕವಾರಾ ಅವರಿಂದ ತೆಗೆದುಕೊಂಡದ್ದು. 1966ರ ಜನವರಿ 4ರಿಂದ ಅವರು ಆಯಾ ದಿನದ ತಾರೀಕನ್ನೇ ಕ್ಯಾನ್ವಾಸಿನ ಮೇಲೆ ಬರೆಯುತ್ತ ಹೋದರು, ಮಧ್ಯರಾತ್ರಿಯೊಳಗೆ ಮುಗಿಯದಿದ್ದರೆ ಅದನ್ನು ನಾಶಮಾಡುತ್ತಿದ್ದರು. ನಾನೂ 40 ನಿಮಿಷದಲ್ಲಿ ಮುಗಿಯದ್ದನ್ನು ಹರಿದು ಹಾಕುತ್ತಿದ್ದೆ. ಅದು ತಪ್ಪಾಯಿತು. ಯಾವ ದಿನಗಳ ಚಿತ್ರ ಮುಗಿಯುತ್ತಿರಲಿಲ್ಲ? ಮಗಳಿಗೆ ಜ್ವರ ಬಂದ ಬೆಳಿಗ್ಗೆ, ದೂರದಿಂದ ಫೋನು ಬಂದ ಬೆಳಿಗ್ಗೆ. ಏನೋ ಬದಲಾದ ದಿನಗಳನ್ನೇ ಆರಿಸಿ ಆರಿಸಿ ಹರಿದಿದ್ದೆ. ಕವಾರಾ ಅವರ ನಿಯಮ ಅವರ ಕೆಲಸಕ್ಕೆ ಸರಿ, ನನ್ನದಕ್ಕಲ್ಲ. ಎರಡನೇ ವರ್ಷದಿಂದ ಅರ್ಧಂಬರ್ಧವನ್ನೂ ಇಟ್ಟುಕೊಂಡೆ.

ಮೂರನೇ ವರ್ಷದ ಕೊನೆಗೆ ಎಲ್ಲವನ್ನೂ ನೆಲದ ಮೇಲೆ ಹರಡಿದೆ. ಹಳೆಯ ಬೆಳಗುಗಳೆಲ್ಲ ಹೊಂಬಣ್ಣಕ್ಕಿದ್ದವು. ಆಗ ನನ್ನ ಕಣ್ಣು ಬೆಳಕನ್ನು ಬೆಚ್ಚಗೆ ಕಾಣುತ್ತಿತ್ತೇನೋ ಅಂದುಕೊಂಡೆ. ನಿಜ ಬೇರೆ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ಕಿಟಕಿಯ ಪಕ್ಕ ಕೆಲವು ವಾರ ಇಟ್ಟೆ, ಬಿಳುಪು ಬಹುಮಟ್ಟಿಗೆ ಮರಳಿತು. ಅಂದಿನಿಂದ ಪೆಟ್ಟಿಗೆ ಬಿಟ್ಟು ಬೆಳಕು ಬೀಳುವ ಗೋಡೆಗೇ ಅಂಟಿಸುತ್ತೇನೆ.

ಹಳದಿ ಇಳಿದ ಮೇಲೆ ಕಂಡದ್ದು ಚೀಲ. ಶುರುವಿನ ಚಿತ್ರಗಳಲ್ಲಿ ಅದು ಒಂದೇ ಪಟ್ಟಿಯಲ್ಲಿ ವಾಲಿ ನೇತಾಡುತ್ತದೆ. ತುದಿಗಾಲಲ್ಲಿ ನಿಂತು ಎಸೆದಂತೆ ಸಿಕ್ಕಿಸುತ್ತಿದ್ದಳು. ಕೊನೆಯವುಗಳಲ್ಲಿ ಎರಡೂ ಪಟ್ಟಿ ಗೂಟದ ಮೇಲೆ ನೆಟ್ಟಗಿವೆ. ಅವಳಿಗೆ ಕೈ ಎಟುಕಿದ ದಿನ ಯಾವುದೆಂದು ತಾರೀಕು ನೋಡಿ ನೋಡಿ ಹುಡುಕಿದೆ. ಸಿಗಲಿಲ್ಲ. ನಡುವೆ ಒಂದು ತಿಂಗಳು ವಾಲಿದ್ದೂ ನೆಟ್ಟಗಿದ್ದದ್ದೂ ಬೆರೆತೇ ಇವೆ. ಅಷ್ಟೂ ದಿನ ಎದುರಿಗೇ ಕೂತಿದ್ದವನು ನಾನು.

"ಅಪ್ಪಾ, ಇದೊಂದು ನಂಗೆ ಕೊಡು" ಎಂದು ಮಗಳು ಎತ್ತಿಕೊಂಡದ್ದು ಮುಗಿಯದ ಒಂದನ್ನು: ಪಟ್ಟಿ ಇದೆ, ಚೀಲ ಇಲ್ಲ.

ಈಗ ಅವಳು ಓದಲು ಹೊರಗಿದ್ದಾಳೆ, ಗೂಟ ಖಾಲಿ. ಚೀಲ ಹೋದ ಮೇಲೆ ಗೋಡೆಯಲ್ಲಿ ಒಂದು ಮಬ್ಬು ಕಲೆ ಉಳಿದಿದೆ, ಉಜ್ಜಿ ಉಜ್ಜಿ ಆದದ್ದು. ಹಳೆಯ ಚಿತ್ರಗಳಲ್ಲಿ ಅದನ್ನೇ ಚೀಲದ ನೆರಳೆಂದು ನೀಲಿ ಬೆರೆಸಿ ಬಳಿದಿದ್ದೇನೆ. ಈ ವಾರ ಅದಕ್ಕೆ ಸಿಯೆನ್ನಾ ಹೆಚ್ಚು ಹಾಕಿ ನೋಡುತ್ತಿದ್ದೇನೆ. ಗೂಟದ ನೆರಳು ಬೇರೆ, ಅದು ಬೆಳಿಗ್ಗೆ ಏಳೂವರೆಗೆ ಕಲೆಯ ಅಂಚನ್ನು ದಾಟುತ್ತದೆ.