ದೋಸೆ ಹಿಟ್ಟು ಮಾರುವ ಮುಂಚೆ ಏನೇನು ತಿಳಿದುಕೊಳ್ಳಬೇಕು?

ನಿಮ್ಮದೊಂದು ದಿನಸಿ ಅಂಗಡಿ ಇದೆ, ನಾವೇ ಹಿಟ್ಟು ರುಬ್ಬಿ ಮಾರೋಣ ಅನ್ನುವ ಆಸೆ ಹುಟ್ಟಿದೆ ಅಂದುಕೊಳ್ಳಿ. ದೊಡ್ಡ ಗ್ರೈಂಡರ್ ತರಲು ಓಡಬೇಡಿ. ಮೊದಲು ಪ್ರಶ್ನೆ ಬರೆಯಿರಿ. "ಲಾಭ ಇದೆಯಾ?" ಅಂತ ಬರೆದರೆ ಸುಮ್ನೆ ಬರೆದ ಹಾಗೆ. "ದಿನಕ್ಕೆ ಎಷ್ಟು ಕೆಜಿ ಹೋಗುತ್ತೆ, ಎಷ್ಟು ಹುಳಿ ಬಂದು ಚೆಲ್ಲಬೇಕಾಗುತ್ತೆ?" ಇದು ಪ್ರಶ್ನೆ.

ಉತ್ತರ ಅರ್ಧ ನಿಮ್ಮ ಅಂಗಡಿಯಲ್ಲೇ ಇದೆ. ಬಿಲ್, ಉದ್ರಿ ಪುಸ್ತಕ, ಯುಪಿಐ ಪಟ್ಟಿ ತೆಗೆಯಿರಿ. ಯುಪಿಐನಲ್ಲಿ ದುಡ್ಡು ಎಷ್ಟು ಗಂಟೆಗೆ ಬಂತು ಅಂತ ಗೊತ್ತಾಗುತ್ತೆ, ಏನು ಕೊಂಡರು ಅಂತ ಗೊತ್ತಾಗಲ್ಲ. ಅದಕ್ಕೇ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಹಿಟ್ಟು ಕೇಳಿ ಸಿಗದೆ ವಾಪಸ್ ಹೋದ ಪ್ರತಿಯೊಬ್ಬರಿಗೂ ಒಂದು ಗೀಟು ಎಳೆಯಿರಿ, ಎರಡು ವಾರ ತಪ್ಪದೆ, ಶನಿವಾರದ ಸಂಜೆಯದ್ದು ಬೇರೆ ಪುಟದಲ್ಲಿ. ಬರಿಗೈಯಲ್ಲಿ ಹೋದ ಗಿರಾಕಿ ಯಾವ ಬಿಲ್ಲಿನಲ್ಲೂ ಇರಲ್ಲ ಅಲ್ವಾ?

ಜನರನ್ನು ಕೇಳಿ, ಆದರೆ "ನಾನು ಮಾಡಿದರೆ ತಗೋತೀರಾ?" ಅಂತ ಮಾತ್ರ ಕೇಳಬೇಡಿ. "ಖಂಡಿತ ಅಣ್ಣ" ಅಂತಾರೆ. ಮುಖ ನೋಡಿಕೊಂಡು ಇಲ್ಲ ಅನ್ನಲು ಯಾರಿಗೂ ಮನಸ್ಸು ಬರಲ್ಲ. "ಹೋದ ವಾರ ಹಿಟ್ಟು ಎಲ್ಲಿ ತಗೊಂಡ್ರಿ, ಎಷ್ಟು ಕೊಟ್ರಿ?" ಅಂತ ಕೇಳಿ. ಮನೆಯಲ್ಲೇ ರುಬ್ಬುವವರು ಆಗ ತಾವಾಗೇ ಹೇಳುತ್ತಾರೆ.

ಪ್ಯಾಕೆಟ್ ಹಿಟ್ಟು ಹಾಕಲು ಬರುವ ಹುಡುಗನಿಗೆ ಒಂದು ಕಾಫಿ ಕೊಡಿಸಿ. ಯಾವ ಅಂಗಡಿಯಿಂದ ಎಷ್ಟು ಪ್ಯಾಕೆಟ್ ವಾಪಸ್ ಬರುತ್ತೆ ಅನ್ನೋದು ಅವನಿಗೆ ಗೊತ್ತಿರುತ್ತೆ. ಒಬ್ಬನನ್ನೇ ನಂಬಬೇಡಿ, ಇಬ್ಬರನ್ನು ಕೇಳಿ.

ಉದ್ದಿನ ಬೆಲೆಗೆ ಕೃಷಿ ಮಾರಾಟ ವಾಹಿನಿ ಜಾಲತಾಣ ನೋಡಿ. ರಾಜ್ಯದ ಎಪಿಎಂಸಿಗಳ ದಿನದ ಧಾರಣೆ ಅಲ್ಲಿದೆ. ಅದು ಮಂಡಿ ದರ, ನಿಮಗೆ ಸಿಗುವ ಬೇಳೆಯ ದರ ಬೇರೆ, ಆದರೂ ವರ್ಷದಲ್ಲಿ ಬೆಲೆ ಎಷ್ಟು ಏರಿಳಿಯುತ್ತೆ ಅಂತ ಕಾಣುತ್ತೆ. ಹೊಸ ಬಡಾವಣೆಯಾದರೆ, ಸುತ್ತ ಎಷ್ಟು ಮನೆ ಇದೆ ಅಂತ 2011ರ ಜನಗಣತಿ ನೋಡಿ ಲೆಕ್ಕ ಹಾಕಬೇಡಿ. ರಾತ್ರಿ ಎಂಟಕ್ಕೆ ಒಂದು ಸುತ್ತು ನಡೆದು ದೀಪ ಉರಿಯುವ ಮನೆ ಎಣಿಸಿ.

ಆಮೇಲೆ ದಿನಕ್ಕೆ 10 ಕೆಜಿ ಮಾಡಿ, ಎರಡು ವಾರ ಮಾರಿ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಲ್ಲಿ ತಯಾರಿಕೆಯೂ ಸೇರಿರಲಿ. ಶುರು ಮಾಡುವ ಹಿಂದಿನ ದಿನವೇ "ದಿನಕ್ಕೆ 2 ಕೆಜಿಗಿಂತ ಜಾಸ್ತಿ ಉಳಿದರೆ ಬಿಟ್ಟುಬಿಡ್ತೀನಿ" ಅಂತ ಚೀಟಿ ಬರೆದು ಮನೆಯವರ ಕೈಗೆ ಕೊಟ್ಟಿಡಿ. ನಿಮ್ಮ ಹತ್ತಿರವೇ ಇಟ್ಟುಕೊಂಡರೆ ಆ 2 ಯಾವಾಗ 4 ಆಯಿತೋ ನಿಮಗೇ ಗೊತ್ತಾಗಲ್ಲ.