ಫೈರ್‌ವಾಲ್ ಆಫ್ ಆಗಿದೆಯಾ? ಹೀಗೆ ನೋಡಿ, ಸರಿ ಮಾಡಿ

ಮೊನ್ನೆ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಕಂಪ್ಯೂಟರ್‌ನಲ್ಲಿ ಫೈರ್‌ವಾಲ್ ಪೂರ್ತಿ ಆಫ್ ಆಗಿತ್ತು. ಹೊರಗಿನಿಂದ ಯಾರೂ ಕಂಪ್ಯೂಟರ್ ಒಳಗೆ ನುಗ್ಗದಂತೆ ತಡೆಯುವ ಕಾವಲುಗಾರ ಅದು. ವೈಫೈ ಪ್ರಿಂಟರ್ ಜೋಡಿಸಲು ಬಂದಿದ್ದ ಹುಡುಗ ‘ಇದು ಅಡ್ಡ ಬರ್ತಿದೆ’ ಅಂತ ಆಫ್ ಮಾಡಿ, ಹಾಗೇ ಬಿಟ್ಟು ಹೋಗಿದ್ದ. ನೋಡಿ ಎದೆ ಧಸಕ್ಕೆಂದಿತು.

ಕಂಪ್ಯೂಟರ್ ಹೊರಗಿನವರ ಜೊತೆ ಮಾತಾಡುವ ಬಾಗಿಲುಗಳಿಗೆ ಪೋರ್ಟ್ ಎನ್ನುತ್ತಾರೆ. ಅವಕ್ಕೆ 0ಯಿಂದ 65,535ರವರೆಗೆ ನಂಬರ್ ಇದೆ. ನೀವು ಒಂದು ವೆಬ್‌ಸೈಟ್ ತೆರೆದರೆ ಅದರ ಉತ್ತರವನ್ನು ಫೈರ್‌ವಾಲ್ ಒಳಗೆ ಬಿಡುತ್ತದೆ. ನೀವು ಕೇಳದೇ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈ ಎಂಬ ಕಂಪ್ಯೂಟರ್ ವೈರಸ್ ನೆನಪಿದೆ ಅಲ್ವಾ? ಫೈಲ್ ಹಂಚಿಕೊಳ್ಳುವ 445ನೇ ಪೋರ್ಟ್ ಮೂಲಕ ಅದು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಬ್ಬಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ.

ಮೊದಲು ಸ್ಟಾರ್ಟ್ ಒತ್ತಿ, ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆಯಿರಿ. ‘ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ಗೆ ಹೋಗಿ. ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಸಾಲು ಕಾಣುತ್ತವೆ. ಮೂರೂ ಆನ್ ಇರಬೇಕು. ಮ್ಯಾಕ್ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ನೋಡಿ.

ಮುಂದಿನದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ನಿಮ್ಮ ವೈಫೈ ಯಾವ ಬಗೆಯದು ಎಂದು ಕಂಪ್ಯೂಟರ್‌ಗೆ ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದು, ಮನೆಯದಾದರೆ ‘ಪ್ರೈವೇಟ್’ ಆರಿಸಿ. ರೈಲ್ವೆ ಸ್ಟೇಷನ್, ಹೋಟೆಲ್, ಪಿ.ಜಿ.ಗಳಲ್ಲಿ ‘ಪಬ್ಲಿಕ್’ ಇರಲಿ. ಪಬ್ಲಿಕ್ ಇದ್ದಾಗ ಅದೇ ವೈಫೈನಲ್ಲಿರುವ ಬೇರೆಯವರಿಗೆ ನಿಮ್ಮ ಕಂಪ್ಯೂಟರ್ ಕಾಣಿಸುವುದಿಲ್ಲ.

ಹೊಸ ಪ್ರೋಗ್ರಾಂ ಹಾಕಿದಾಗ ‘ಇದನ್ನು ಒಳಗೆ ಬಿಡಲೇ?’ ಎಂದು ಒಂದು ಪುಟ್ಟ ಕಿಟಕಿ ಕೇಳುತ್ತದೆ. ಸುಮ್ನೆ ‘ಅಲೌ’ ಒತ್ತಬೇಡಿ, ಹೆಸರು ಓದಿ. ನೀವೇ ಹಾಕಿದ ವಿಡಿಯೊ ಕಾಲ್ ಆ್ಯಪ್ ಆದರೆ ಸರಿ. ಗುರುತಿಲ್ಲದ ಹೆಸರಾದರೆ ‘ಕ್ಯಾನ್ಸಲ್’ ಕೊಡಿ. ಬೇಕಾದದ್ದೇ ತಪ್ಪಿ ನಿಂತುಹೋದರೆ ‘ಅಲೌ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್’ನಲ್ಲಿ ಆ ಒಂದಕ್ಕೆ ಮಾತ್ರ ಟಿಕ್ ಹಾಕಿ. ಒಂದು ಆ್ಯಪ್‌ಗಾಗಿ ಇಡೀ ಫೈರ್‌ವಾಲ್ ಆಫ್ ಮಾಡುವುದು ಬೇಡವೇ ಬೇಡ.

ಮನೆಗೆ ವೈಫೈ ಕೊಡುವ ಡಬ್ಬಿ, ಅಂದರೆ ರೂಟರ್‌ನಲ್ಲೂ ಫೈರ್‌ವಾಲ್ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1 ಅಥವಾ ರೂಟರ್ ಕೆಳಗೆ ಬರೆದಿರುವ ವಿಳಾಸ ಟೈಪ್ ಮಾಡಿ ನೋಡಿ. ಅಲ್ಲಿನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಕಂಪನಿ ಕೊಟ್ಟದ್ದೇ ಆಗಿದ್ದರೆ ಇವತ್ತೇ ಬದಲಾಯಿಸಿ.

ಒಂದು ಮಾತು. ನೀವೇ ಓಟಿಪಿ ಹೇಳಿಬಿಟ್ಟರೆ, ನಕಲಿ ಸೈಟಿನಲ್ಲಿ ಪಾಸ್‌ವರ್ಡ್ ಹಾಕಿದರೆ ಫೈರ್‌ವಾಲ್ ಏನೂ ಮಾಡಲಾರದು. ವಿಂಡೋಸ್ ಅಪ್‌ಡೇಟ್ ಕೂಡ ನಿಲ್ಲಿಸಬೇಡಿ. ವಾನಾಕ್ರೈ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ರಿಪೇರಿ ಕೊಟ್ಟಿತ್ತು.

ಅಂದಹಾಗೆ, ಚಿಕ್ಕಮ್ಮನ ಮನೆಯ ವೈಫೈ ‘ಪಬ್ಲಿಕ್’ ಆಗಿತ್ತು, ಪ್ರಿಂಟರ್ ಸಿಗದಿದ್ದದ್ದು ಅದಕ್ಕೇ. ‘ಪ್ರೈವೇಟ್’ ಮಾಡಿ, ಫೈರ್‌ವಾಲ್ ಆನ್ ಮಾಡಿ, ಅವರ ಕರೆಂಟ್ ಬಿಲ್ಲನ್ನೇ ಪ್ರಿಂಟ್ ಕೊಟ್ಟೆವು. ಸಲೀಸಾಗಿ ಹೊರಗೆ ಬಂತು.