ಕ್ಯಾಸಿಮಿರ್ ಬಲಕ್ಕಿಂತ ಮೊದಲು ವೋಲ್ಟೇಜ್

1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಲೆಕ್ಕ ಹಾಕಿದ್ದು ಎರಡು ಲೋಹದ ಫಲಕಗಳಿಗೆ. ನಿರ್ವಾತದಲ್ಲೂ ವಿದ್ಯುತ್ಕಾಂತ ಕ್ಷೇತ್ರದ ಕಂಪನ ಪೂರ್ತಿ ಅಡಗುವುದಿಲ್ಲ. ಫಲಕಗಳು ಅದಕ್ಕೆ ಎಲ್ಲೆ ಹಾಕುತ್ತವೆ, ಹಾಗಾಗಿ ಒಂದನ್ನೊಂದು ಸೆಳೆಯುತ್ತವೆ. ಈ ಸೆಳೆತವೇ ಕ್ಯಾಸಿಮಿರ್ ಬಲ. ಅದನ್ನು ಅಳೆಯಲು ಹೊರಟ ನಾನು ಮಾತ್ರ ಎರಡು ಫಲಕಗಳ ಗೊಡವೆಗೆ ಹೋಗಲಿಲ್ಲ. ಇನ್ನೂರು ನ್ಯಾನೊಮೀಟರ್ ಅಂತರದಲ್ಲಿ ಅವನ್ನು ಸಮಾನಾಂತರವಾಗಿ ನಿಲ್ಲಿಸಲು ಹೊರಟರೆ ಪಿಎಚ್‌ಡಿ ಅಲ್ಲೇ ಮುಗಿದೀತು! 1998ರಲ್ಲಿ ಮೊಹಿದೀನ್ ಮತ್ತು ರಾಯ್ ತೋರಿಸಿದ ದಾರಿ ಹಿಡಿದೆ: ಪರಮಾಣು ಬಲ ಸೂಕ್ಷ್ಮದರ್ಶಕದ ಕ್ಯಾಂಟಿಲಿವರ್ (ಬಲ ಬಿದ್ದಾಗ ಬಾಗುವ ಪುಟ್ಟ ಪಟ್ಟಿ) ತುದಿಗೆ ಪಾಲಿಸ್ಟೈರೀನ್ ಗೋಳ ಅಂಟಿಸಿ, ಗೋಳಕ್ಕೂ ಕೆಳಗಿನ ಫಲಕಕ್ಕೂ ಲೋಹದ ಲೇಪನ. ಅವರದು ಮುಖ್ಯವಾಗಿ ಅಲ್ಯೂಮಿನಿಯಂ, ನನ್ನದು ಚಿನ್ನ. ಗೋಳವನ್ನು ಎಲ್ಲಿಂದ ನೋಡಿದರೂ ಗೋಳವೇ, ಓರೆಯಾಗುವ ಭಯವಿಲ್ಲ.

ನಿಜವಾದ ಗುದ್ದಾಟ ವೋಲ್ಟೇಜ್ ಜತೆ. ನೂರು ಮೈಕ್ರೊಮೀಟರ್ ತ್ರಿಜ್ಯದ ಗೋಳ, 200 ನ್ಯಾನೊಮೀಟರ್ ಅಂತರ: ಆದರ್ಶ ಲೋಹವಾದರೆ, ಅಂದರೆ ಎಲ್ಲ ತರಂಗಗಳಿಗೂ ಪರಿಪೂರ್ಣ ಕನ್ನಡಿಯಾದರೆ, ಕ್ಯಾಸಿಮಿರ್ ಬಲ ಸುಮಾರು 34 ಪೈಕೊನ್ಯೂಟನ್. ಅದೇ ಅಂತರದಲ್ಲಿ ಗೋಳಕ್ಕೂ ಫಲಕಕ್ಕೂ ನಡುವೆ ಬರೀ 50 ಮಿಲಿವೋಲ್ಟ್ ವ್ಯತ್ಯಾಸ ಉಳಿದಿದ್ದರೆ ಸ್ಥಾಯೀವಿದ್ಯುತ್ ಸೆಳೆತವೂ ಹೆಚ್ಚುಕಡಿಮೆ ಅಷ್ಟೇ! ಎರಡನ್ನೂ ಅರ್ತ್ ಮಾಡಿದರೆ ಸಾಲದೇ ಎಂದು ಹೊಸಬರೆಲ್ಲ ಕೇಳುತ್ತಾರೆ. ಸಾಲದು. ತಂತಿಯ ಬೆಸುಗೆಗಳು, ಚಿನ್ನದ ಹರಳುಗಳ ಮುಖಗಳು, ಮೇಲೆ ಕೂತ ಕೊಳೆ, ಎಲ್ಲವೂ ತಮ್ಮ ಪಾಲಿನ ಮಿಲಿವೋಲ್ಟ್ ಸೇರಿಸುತ್ತವೆ.

ಅದಕ್ಕೆ ಪ್ರತಿ ಅಂತರದಲ್ಲೂ ಫಲಕಕ್ಕೆ ಬೇರೆ ಬೇರೆ ವೋಲ್ಟೇಜ್ ಕೊಟ್ಟು ಬಲ ಅಳೆದೆ. ಗ್ರಾಫ್ ಪ್ಯಾರಾಬೋಲಾ, ಅಂದರೆ ಬಟ್ಟಲಿನಂಥ ವಕ್ರರೇಖೆ, ಆಗುತ್ತದೆ. ಅದರ ತಳ ಸೊನ್ನೆ ವೋಲ್ಟ್‌ನಲ್ಲಿರುವುದಿಲ್ಲ. ಎಲ್ಲಿದೆಯೋ ಆ ವೋಲ್ಟೇಜನ್ನೇ ಕೊಟ್ಟು ಸ್ಥಾಯೀವಿದ್ಯುತ್ತನ್ನು ತೊಡೆದುಹಾಕಬೇಕು. ಗೋಳ ಹತ್ತಿರವಾದಂತೆ ಈ ತಳ ಜರುಗುತ್ತಿದ್ದರೆ ಮೇಲ್ಮೈಯಲ್ಲಿ ವಿಭವದ ತೇಪೆಗಳಿವೆ, ಅಂದರೆ ಅಲ್ಲಲ್ಲಿ ವೋಲ್ಟೇಜ್ ಬೇರೆ ಬೇರೆಯಾಗಿದೆ ಎಂದೇ ಅರ್ಥ. ಅಂಥ ಮಾದರಿಯನ್ನು ಗಣಿತದಿಂದ ರಿಪೇರಿ ಮಾಡುವುದಕ್ಕಿಂತ ಎಸೆಯುವುದೇ ವಾಸಿ. ಪ್ಯಾರಾಬೋಲಾದಿಂದ ಇನ್ನೊಂದು ಲಾಭವೂ ಇದೆ: ಅದರ ವಕ್ರತೆ ಅಂತರದ ವಿಲೋಮಕ್ಕೆ ಅನುಪಾತದಲ್ಲಿರುವುದರಿಂದ, ಕ್ಯಾಂಟಿಲಿವರ್ ಎಷ್ಟು ಬಾಗಿದರೆ ಎಷ್ಟು ಬಲ ಎನ್ನುವುದೂ ಗೋಳ ನಿಜಕ್ಕೂ ಎಷ್ಟು ದೂರದಲ್ಲಿದೆ ಎನ್ನುವುದೂ ಅದರಿಂದಲೇ ಸಿಗುತ್ತವೆ.

ಇಷ್ಟಾದ ಮೇಲೆ ಉಳಿಯುವ ಸೆಳೆತವನ್ನು ಸಿದ್ಧಾಂತದ ಪಕ್ಕ ಇಡಬಹುದು. ಆದರ್ಶ ಲೋಹದಲ್ಲಿ ಅಂತರ ಅರ್ಧವಾದರೆ ಬಲ ಎಂಟು ಪಟ್ಟು. ನಿಜವಾದ ಚಿನ್ನದಲ್ಲಿ ಅಷ್ಟು ಏರುವುದಿಲ್ಲ, ಏಕೆಂದರೆ ಕಿರಿದಾದ ತರಂಗಗಳಿಗೆ ಅದು ಒಳ್ಳೆಯ ಕನ್ನಡಿಯಲ್ಲ. ಹಾಗಾಗಿ ಚಿನ್ನದ ದ್ಯುತಿ ಗುಣಗಳನ್ನು ಲೆಕ್ಕದಲ್ಲಿ ಸೇರಿಸಲೇಬೇಕು. ಅಲ್ಲಿ ಲೋಹದ ಎಲೆಕ್ಟ್ರಾನುಗಳ ಶಕ್ತಿನಷ್ಟವನ್ನು ಲೆಕ್ಕಕ್ಕೆ ಹಿಡಿಯುವ ಡ್ರೂಡ್ ಮಾದರಿಯೋ ಅದನ್ನು ಬಿಟ್ಟುಬಿಡುವ ಪ್ಲಾಸ್ಮಾ ಮಾದರಿಯೋ ಎಂಬ ಹಳೆಯ ಜಗಳ ಎದುರಾಗುತ್ತದೆ. ಅದರಲ್ಲಿ ನಾನು ತಲೆ ಹಾಕಲಿಲ್ಲ. ಈ ಅಂತರದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಶೇಕಡಾ ಕೆಲವಷ್ಟೇ. ಅಂತರದ ಅಳತೆ 2 ನ್ಯಾನೊಮೀಟರ್ ತಪ್ಪಿದರೂ ಬಲ ಶೇಕಡಾ 3ರಷ್ಟು ಅತ್ತಿತ್ತ ಆಗುತ್ತದೆ, ಆ ವ್ಯತ್ಯಾಸ ಅದರಲ್ಲೇ ಮುಚ್ಚಿಹೋದೀತು.